ನಮ್ಮದೇ ವಿಳಾಸದಿಂದ ನಮಗೇ ಕಳ್ಳ ಮೇಲ್: ಸರ್ವರ್‌ನಲ್ಲಿ ತಡೆಯುವುದು ಹೇಗೆ?

ಪ್ರಶ್ನೆ (ಕುಶಾಲನಗರ, ಕಾಫಿ ಕ್ಯೂರಿಂಗ್ ಘಟಕದ ಕಚೇರಿ)

ನಮಸ್ಕಾರ ಸರ್. ಮೇಲ್ ಸರ್ವರ್ ಕಚೇರಿಯಲ್ಲೇ ಇದೆ. ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ತಂತ್ರಾಂಶ), ಡವ್‌ಕಾಟ್ (ಮೇಲ್‌ಬಾಕ್ಸ್ ನೋಡಿಕೊಳ್ಳುವ ತಂತ್ರಾಂಶ). ಒಂದು ಸ್ಥಿರ ಐಪಿ, 18 ಮೇಲ್‌ಬಾಕ್ಸ್. ಲೆಕ್ಕಪತ್ರದವರಿಗೆ ನಮ್ಮದೇ ಡೊಮೇನ್‌ನ ವಿಳಾಸದಿಂದ ‘ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣ ಹೊಸ ಖಾತೆಗೆ ಹಾಕಿ’ ಅಂತ ಮೇಲ್ ಬರುತ್ತಿದೆ. ಹೆಡರ್ (ಮೇಲ್‌ನ ತಲೆಬರಹದ ಸಾಲುಗಳು) ತೆಗೆದು ನೋಡಿದರೆ ರಿಸೀವ್ಡ್ ಸಾಲುಗಳಲ್ಲೂ ನಮ್ಮ ಸರ್ವರ್ ಹೆಸರೇ ಕಾಣುತ್ತದೆ. ಹೆಡರ್ ಚೆಕ್ಸ್ ಕಡತದಲ್ಲಿ ‘ಫ್ರಮ್ ಸಾಲಿನಲ್ಲಿ ನಮ್ಮ ಡೊಮೇನ್ ಇದ್ದರೆ ರಿಜೆಕ್ಟ್’ ಎಂದು ಹಾಕಿದೆ. ಕಳ್ಳ ಮೇಲ್ ನಿಂತಿತು, ಜೊತೆಗೆ ನಮ್ಮವರ ಮೇಲೂ ನಿಂತಿತು. ಸರ್ವರ್ ಹ್ಯಾಕ್ ಆಗಿದೆಯಾ, ಬರೀ ಸುಳ್ಳು ಹೆಡರ್ ಅಷ್ಟೇನಾ? ಎಲ್ಲಿಂದ ಶುರು ಮಾಡಲಿ?

ಉತ್ತರ

ಮೊದಲು ನಿಮ್ಮ ಕೊನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಹ್ಯಾಕ್‌ಗೆ ಮದ್ದು ಬೇರೆ, ಸುಳ್ಳು ಹೆಡರ್‌ಗೆ ಮದ್ದು ಬೇರೆ. ಒಂದು ಕಳ್ಳ ಮೇಲ್‌ನ ಕ್ಯೂ ಐಡಿ (ಪ್ರತಿ ಮೇಲ್‌ಗೆ ಸರ್ವರ್ ಕೊಡುವ ಗುರುತು) ಹಿಡಿದು ಮೇಲ್ ಲಾಗ್‌ನಲ್ಲಿ ಹುಡುಕಿ. ಆ ಸಾಲಿನಲ್ಲಿ ‘ಎಸ್‌ಎಎಸ್‌ಎಲ್ ಯೂಸರ್‌ನೇಮ್’ (ಲಾಗಿನ್ ಆದವರ ಹೆಸರು) ಎಂದು ನಿಮ್ಮವರೊಬ್ಬರ ಹೆಸರು ಬಂದಿದ್ದರೆ ಪಾಸ್‌ವರ್ಡ್ ಕಳುವಾಗಿದೆ. ತಕ್ಷಣ ಬದಲಿಸಿ, ಮುಂದಿನದ್ದು ಆಮೇಲೆ. ಹೆಸರಿಲ್ಲದೆ, ಹೊರಗಿನ ಐಪಿಯಿಂದ 25ನೇ ಪೋರ್ಟ್‌ಗೆ ಬಂದಿದ್ದರೆ ಸುಳ್ಳು ಹೆಡರ್.

ರಿಸೀವ್ಡ್ ಸಾಲುಗಳನ್ನು ಓದುವ ಕ್ರಮ ಮೇಲಿನಿಂದ ಕೆಳಕ್ಕೆ. ಪ್ರತಿ ಸರ್ವರ್ ತನ್ನ ಸಾಲನ್ನು ಎಲ್ಲಕ್ಕಿಂತ ಮೇಲೆ ಅಂಟಿಸುತ್ತದೆ. ನಿಮ್ಮ ಸರ್ವರ್ ಅಂಟಿಸಿದ್ದನ್ನು ಮಾತ್ರ ನಂಬಬಹುದು. ಅದರ ಕೆಳಗಿರುವುದನ್ನೆಲ್ಲ ಕಳುಹಿಸಿದವನು ಮನಸ್ಸಿಗೆ ಬಂದಂತೆ ಬರೆದಿರಬಹುದು. ನಿಮ್ಮದೇ ಸಾಲಿನಲ್ಲೂ ಒಂದು ಸೂಕ್ಷ್ಮವಿದೆ. ‘ಫ್ರಮ್’ ಪದದ ನಂತರ ಮೊದಲು ಬರುವ ಹೆಸರು ಎದುರಿನವನು ಹೆಲೋ ಹೇಳುವಾಗ ತಾನೇ ಹೇಳಿಕೊಂಡದ್ದು. ಕಂಸದೊಳಗಿನ ಹೆಸರು ಪೋಸ್ಟ್‌ಫಿಕ್ಸ್ ಡಿಎನ್‌ಎಸ್‌ನಲ್ಲಿ ಹುಡುಕಿ ಬರೆದದ್ದು. ಚೌಕ ಕಂಸದ ಐಪಿ ಮಾತ್ರ ಸುಳ್ಳಾಗದು, ಟಿಸಿಪಿ ಸಂಪರ್ಕ ನಡೆದದ್ದೇ ಆ ಐಪಿ ಜೊತೆ. ನಿಮಗೆ ಕಂಡ ‘ನಮ್ಮ ಸರ್ವರ್ ಹೆಸರು’ ಬಹುಪಾಲು ಆ ಮೊದಲ ಜಾಗದ್ದು: ಕಳ್ಳ ನಿಮ್ಮ ಹೆಸರನ್ನೇ ಹೇಳಿಕೊಂಡು ಹೆಲೋ ಎಂದಿದ್ದಾನೆ.

ಇನ್ನು ಲಕೋಟೆ ಮತ್ತು ಕಾಗದದ ವಿಷಯ. ಅಂಚೆಯಲ್ಲಿ ಲಕೋಟೆ ಮೇಲೊಂದು ವಿಳಾಸ, ಒಳಗಿನ ಕಾಗದದ ತಲೆಯಲ್ಲಿ ಇನ್ನೊಂದು ಇರಬಹುದು. ಅಂಚೆಯವನು ಒಳಗಿನದನ್ನು ಓದುವುದಿಲ್ಲ. ಎಸ್‌ಎಂಟಿಪಿಯೂ (ಸರ್ವರ್‌ಗಳು ಮೇಲ್ ಸಾಗಿಸುವ ವಿಧಾನ) ಹಾಗೇ. ‘ಮೇಲ್ ಫ್ರಮ್’ ಎನ್ನುವುದು ಲಕೋಟೆ, ಪರದೆಯ ಮೇಲೆ ಕಾಣುವ ‘ಫ್ರಮ್’ ಒಳಗಿನ ಕಾಗದ. ಎರಡೂ ಒಂದೇ ಆಗಿರಬೇಕೆಂಬ ನಿಯಮ 1982ರ ಮೂಲ ಎಸ್‌ಎಂಟಿಪಿಯಲ್ಲೂ ಇರಲಿಲ್ಲ, ಈಗಲೂ ಇಲ್ಲ. ಹಾಗಾಗಿ ತಡೆಯೂ ಎರಡು ಕಡೆ ಬೇಕು.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಪರೀಕ್ಷೆ ಮಾಡಿ, ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ನೀರಲ್ಲಿ ಹೋಮ. ಲಾಗ್‌ನಲ್ಲಿ ‘ಕನೆಕ್ಟ್ ಫ್ರಮ್’ ಸಾಲುಗಳನ್ನು ನೋಡಿ. ಹೊರಗಿನ ಮೇಲೆಲ್ಲ 192.168.1.1ರಿಂದಲೇ ಬಂದಂತೆ ಕಾಣುತ್ತಿದ್ದರೆ, ಒಳಬರುವ ಸಂಪರ್ಕದ ಮೂಲ ಐಪಿಯನ್ನು ನಿಮ್ಮ ರೂಟರ್ ಅಳಿಸಿ ತನ್ನದನ್ನು ಹಾಕುತ್ತಿದೆ. ಮೈಕ್ರೋಟಿಕ್‌ನಂಥ ರೂಟರ್‌ನಲ್ಲಿ ಮಾಸ್ಕರೇಡ್ ನಿಯಮಕ್ಕೆ ‘ಹೊರಹೋಗುವ ಇಂಟರ್ಫೇಸ್’ ಯಾವುದೆಂದು ಕೊಡದೆ ಬಿಟ್ಟರೆ ಹೀಗಾಗುತ್ತದೆ. ಆಗ ಮೂರು ಅನಾಹುತ ಒಟ್ಟಿಗೆ. ‘ಮೈನೆಟ್‌ವರ್ಕ್ಸ್’ನಲ್ಲಿ (ಪಾಸ್‌ವರ್ಡ್ ಇಲ್ಲದೆ ಪೋಸ್ಟ್‌ಫಿಕ್ಸ್ ನಂಬುವ ಐಪಿಗಳ ಪಟ್ಟಿ) 192.168.1.0/24 ಇದ್ದರೆ ಇಡೀ ಜಗತ್ತು ನಿಮಗೆ ಮನೆಯವರು, ಸರ್ವರ್ ಓಪನ್ ರಿಲೇ, ಅಂದರೆ ಯಾರ ಮೇಲನ್ನಾದರೂ ಎಲ್ಲಿಗಾದರೂ ಸಾಗಿಸುತ್ತದೆ. ಎಸ್‌ಪಿಎಫ್ ಪರೀಕ್ಷೆಗೆ (ಈ ಐಪಿ ಆ ಡೊಮೇನ್ ಹೆಸರಿನಲ್ಲಿ ಕಳುಹಿಸಬಹುದೇ ಎಂದು ನೋಡುವುದಕ್ಕೆ) ಸಿಗುವುದು ತಪ್ಪು ಐಪಿ. ರ್‌ಸ್ಪ್ಯಾಮ್‌ಡಿ (ಸ್ಪ್ಯಾಮ್ ಸೋಸುವ ತಂತ್ರಾಂಶ) ಹಾಕಿದ್ದರೆ ಅದು ಒಳಜಾಲದ ಐಪಿ ಕಂಡು ಎಸ್‌ಪಿಎಫ್ ಪರೀಕ್ಷೆಯನ್ನೂ, ಡಿಮಾರ್ಕ್ (ಫ್ರಮ್ ಸಾಲಿನ ಡೊಮೇನ್ ಅಸಲಿಯೇ ಎಂಬ) ಪರೀಕ್ಷೆಯನ್ನೂ ಕೈಬಿಡುತ್ತದೆ. ರೂಟರ್ ಸರಿಮಾಡಿ, ‘ಮೈನೆಟ್‌ವರ್ಕ್ಸ್’ ಅನ್ನು 127.0.0.0/8ಕ್ಕೆ ಇಳಿಸಿ. ಸ್ಕ್ಯಾನ್ ಮಾಡಿ ಮೇಲ್ ಕಳುಹಿಸುವ ಪ್ರಿಂಟರ್ ಇದ್ದರೆ ಅದರ ಒಂದೇ ಐಪಿ ಸೇರಿಸಿ, ಇಡೀ ಜಾಲವನ್ನಲ್ಲ.

ಈಗ ಮೇನ್.ಸಿಎಫ್, ಅಂದರೆ ಪೋಸ್ಟ್‌ಫಿಕ್ಸ್‌ನ ಮುಖ್ಯ ಸಂರಚನಾ ಕಡತ. ನಿರ್ದೇಶನಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಡತದಲ್ಲಿ ಇಂಗ್ಲಿಷ್ ಸಣ್ಣಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್.

‘ಎಸ್‌ಎಂಟಿಪಿಡಿ ಹೆಲೋ ರಿಕ್ವೈರ್ಡ್ = ಯೆಸ್’ ಹಾಕಿ. ಹೆಲೋ ನಿರ್ಬಂಧಗಳಲ್ಲಿ ಕ್ರಮವಾಗಿ ‘ಪರ್ಮಿಟ್ ಮೈನೆಟ್‌ವರ್ಕ್ಸ್’, ‘ಪರ್ಮಿಟ್ ಎಸ್‌ಎಎಸ್‌ಎಲ್ ಅಥೆಂಟಿಕೇಟೆಡ್’, ‘ಚೆಕ್ ಹೆಲೋ ಆಕ್ಸೆಸ್’, ‘ರಿಜೆಕ್ಟ್ ಇನ್‌ವ್ಯಾಲಿಡ್ ಹೆಲೋ ಹೋಸ್ಟ್‌ನೇಮ್’, ‘ರಿಜೆಕ್ಟ್ ನಾನ್ ಎಫ್‌ಕ್ಯೂಡಿಎನ್ ಹೆಲೋ ಹೋಸ್ಟ್‌ನೇಮ್’. ಆಕ್ಸೆಸ್ ಕಡತದಲ್ಲಿ ನಿಮ್ಮ ಸರ್ವರ್‌ನ ಪೂರ್ತಿ ಹೆಸರು, ಬರೀ ಡೊಮೇನ್, ನಿಮ್ಮ ಹೊರ ಐಪಿ ಮೂರಕ್ಕೂ ರಿಜೆಕ್ಟ್ ಬರೆಯಿರಿ. ಹೊರಗಿನ ಯಾವ ಪ್ರಾಮಾಣಿಕ ಸರ್ವರೂ ನಿಮ್ಮ ಹೆಸರು ಹೇಳಿಕೊಂಡು ಬರುವುದಿಲ್ಲ, ಆದ್ದರಿಂದ ಇಲ್ಲಿ ತಪ್ಪಿ ಒಳ್ಳೆಯ ಮೇಲ್ ಹೋಗುವ ಭಯವಿಲ್ಲ.

ಕಳುಹಿಸುವವರ ನಿರ್ಬಂಧಗಳಲ್ಲೂ ಮೊದಲೆರಡು ಪರ್ಮಿಟ್‌ಗಳು ಅವೇ, ಅದೇ ಕ್ರಮ. ನಂತರ ‘ಚೆಕ್ ಸೆಂಡರ್ ಆಕ್ಸೆಸ್’ ಕೊಟ್ಟು, ಆ ಕಡತದಲ್ಲಿ ನಿಮ್ಮ ಡೊಮೇನ್‌ಗೆ ರಿಜೆಕ್ಟ್. ಅದರ ಕೆಳಗೆ ‘ರಿಜೆಕ್ಟ್ ನಾನ್ ಎಫ್‌ಕ್ಯೂಡಿಎನ್ ಸೆಂಡರ್’, ‘ರಿಜೆಕ್ಟ್ ಅನ್‌ನೋನ್ ಸೆಂಡರ್ ಡೊಮೇನ್’. ನಿಮ್ಮವರು 587 ಅಥವಾ 465ರಲ್ಲಿ ಪಾಸ್‌ವರ್ಡ್ ಕೊಟ್ಟು ಬರುವುದರಿಂದ ಎರಡನೇ ಪರ್ಮಿಟ್‌ನಲ್ಲೇ ದಾಟಿಬಿಡುತ್ತಾರೆ. ಹೊರಗಿನಿಂದ ನಿಮ್ಮ ಹೆಸರಿನ ಲಕೋಟೆ ಹಿಡಿದು ಬಂದವನು ಬಾಗಿಲಲ್ಲೇ ಸಿಕ್ಕಿಬೀಳುತ್ತಾನೆ. ಕಡತ ತಿದ್ದಿದ ಮೇಲೆ ಪೋಸ್ಟ್‌ಮ್ಯಾಪ್ (ಪಠ್ಯವನ್ನು ಡಿಬಿ ಕಡತವಾಗಿಸುವ ಆದೇಶ) ಓಡಿಸಿ ರೀಲೋಡ್ ಮಾಡಲು ಮರೆಯಬೇಡಿ. ಪಠ್ಯ ಬದಲಾಯಿತು, ಡಿಬಿ ಕಡತ ಹಳೆಯದೇ ಉಳಿಯಿತು ಎಂಬುದು ‘ನಿಯಮ ಹಾಕಿದರೂ ಕೆಲಸ ಮಾಡುತ್ತಿಲ್ಲ’ ದೂರುಗಳಲ್ಲಿ ತೀರಾ ಸಾಮಾನ್ಯ.

ಇದನ್ನು ಹಾಕಿದ ಮೊದಲ ದಿನ ಒಡೆಯುವ ವಸ್ತುಗಳು ಯಾವುವೆಂದು ಮುಂಚೆಯೇ ಪಟ್ಟಿ ಮಾಡಿಕೊಳ್ಳಿ: ಬೇರೆ ಹೋಸ್ಟಿಂಗ್‌ನಲ್ಲಿರುವ ವೆಬ್‌ಸೈಟಿನ ವಿಚಾರಣೆ ಫಾರ್ಮ್, ಬಿಲ್ಲು ಕಳುಹಿಸುವ ಲೆಕ್ಕದ ಸಾಫ್ಟ್‌ವೇರ್, ಜಿಮೇಲ್‌ನಿಂದ ಕಚೇರಿ ವಿಳಾಸದಲ್ಲಿ ಕಳುಹಿಸುವ ಸಿಬ್ಬಂದಿ. ಇವರಿಗೆಲ್ಲ ಒಂದೊಂದು ಲಾಗಿನ್ ಕೊಟ್ಟು 587ಕ್ಕೆ ತನ್ನಿ. ಮೊದಲ ವಾರ ಪ್ರತಿ ಹೊಸ ನಿಯಮಕ್ಕೆ ಮೊದಲು ‘ವಾರ್ನ್ ಇಫ್ ರಿಜೆಕ್ಟ್’ ಇಟ್ಟರೆ ಯಾವ ಮೇಲೂ ನಿಲ್ಲುವುದಿಲ್ಲ, ಯಾವುದು ನಿಲ್ಲುತ್ತಿತ್ತು ಎಂದು ಮಾತ್ರ ಲಾಗ್‌ನಲ್ಲಿ ಬರುತ್ತದೆ.

ನಿಮ್ಮ ಹೆಡರ್ ಚೆಕ್ಸ್ ಪ್ರಯೋಗ ಕೈಕೊಟ್ಟದ್ದು ಏಕೆಂದರೆ, ಅದು ಕ್ಲೀನಪ್ ಹಂತದಲ್ಲಿ (ಮೇಲನ್ನು ಕ್ಯೂಗೆ ಹಾಕುವ ಮುನ್ನ) ನಡೆಯುತ್ತದೆ. ಬಂದವರು ಲಾಗಿನ್ ಆಗಿದ್ದಾರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮಾಸ್ಟರ್.ಸಿಎಫ್‌ನಲ್ಲಿ ಸಬ್‌ಮಿಷನ್‌ಗೆ (ನಿಮ್ಮವರು ಲಾಗಿನ್ ಆಗಿ ಬರುವ ಬಾಗಿಲಿಗೆ) ಪ್ರತ್ಯೇಕ ಕ್ಲೀನಪ್ ಸೇವೆ ಕೊಟ್ಟು, ಅದಕ್ಕೆ ಖಾಲಿ ಹೆಡರ್ ಚೆಕ್ಸ್ ಇಟ್ಟರೆ ಸರಿಹೋಗುತ್ತದೆ. ಆದರೂ ಒಳಗಿನ ಫ್ರಮ್ ಸಾಲಿಗೆ ಸರಿಯಾದ ಅಸ್ತ್ರ ಡಿಮಾರ್ಕ್, ಹೆಡರ್ ಚೆಕ್ಸ್ ಅಲ್ಲ.

ಅದಕ್ಕೆ ಮೂರು ಡಿಎನ್‌ಎಸ್ ದಾಖಲೆ ಬೇಕು. ಎಸ್‌ಪಿಎಫ್ ದಾಖಲೆಯಲ್ಲಿ ನಿಮ್ಮ ಹೆಸರಿನಲ್ಲಿ ಕಳುಹಿಸಬಲ್ಲ ಐಪಿಗಳು, ಕೊನೆಯಲ್ಲಿ ‘-ಆಲ್’ (ಉಳಿದವರೆಲ್ಲ ಫೇಲ್). ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು. ಎರಡು ಹಾಕಿದರೆ ಎರಡೂ ಕೆಲಸಕ್ಕೆ ಬಾರದೆ ಕಾಯಂ ದೋಷ ಬರುತ್ತದೆ. ‘ಇನ್‌ಕ್ಲೂಡ್’, ‘ಎಂಎಕ್ಸ್’, ‘ಎ’ ಮುಂತಾದವು ಸೇರಿ ಡಿಎನ್‌ಎಸ್ ಹುಡುಕಾಟ 10 ದಾಟಬಾರದು, ಒಳಗಿನ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬರುತ್ತವೆ. ಡಿಕಿಮ್‌ಗೆ, ಅಂದರೆ ಪ್ರತಿ ಮೇಲ್‌ಗೆ ಸರ್ವರ್ ಹಾಕುವ ಸಹಿಗೆ, 2048 ಬಿಟ್‌ನ ಕೀಲಿ ಮಾಡಿ. ಟಿಎಕ್ಸ್‌ಟಿ ದಾಖಲೆಯ ಒಂದು ತುಂಡು 255 ಅಕ್ಷರಕ್ಕಿಂತ ಉದ್ದ ಇರಬಾರದು, 2048ರ ಕೀಲಿ ಅದನ್ನು ಮೀರುತ್ತದೆ. ಎರಡು ಉದ್ಧರಣ ತುಂಡುಗಳಾಗಿ ಹಾಕಬೇಕು. ಡೊಮೇನ್ ಮಾರಿದವರ ಪ್ಯಾನೆಲ್ ಕೀಲಿಯ ಬಾಲವನ್ನು ಸದ್ದಿಲ್ಲದೆ ಕತ್ತರಿಸಿ, ಸಹಿಯೆಲ್ಲ ‘ಫೇಲ್’ ಆಗುವುದುಂಟು. ಹಾಕಿದ ಮೇಲೆ ಡಿಗ್ ಆದೇಶದಿಂದ ತೆಗೆದು ಮೂಲ ಕಡತದ ಜೊತೆ ಹೋಲಿಸಿ. ಕೊನೆಗೆ ‘_ಡಿಮಾರ್ಕ್’ ಹೆಸರಿನಲ್ಲಿ ಡಿಮಾರ್ಕ್ ದಾಖಲೆ, ಮೊದಲಿಗೆ ಪಿ=ನನ್ (ತಡೆಯದೆ ವರದಿ ಮಾತ್ರ), ಜೊತೆಗೆ ವರದಿ ಬರುವ ವಿಳಾಸ.

ದಾಖಲೆ ಹಾಕಿದರೆ ಬೇರೆಯವರ ಸರ್ವರ್ ನಿಮ್ಮ ಹೆಸರಿನ ಸುಳ್ಳನ್ನು ಹಿಡಿಯುತ್ತದೆ. ನಿಮ್ಮ ಸರ್ವರ್ ಹಿಡಿಯಬೇಕಾದರೆ ನಿಮ್ಮಲ್ಲೂ ಪರೀಕ್ಷೆ ನಡೆಯಬೇಕು, ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. 18 ಮೇಲ್‌ಬಾಕ್ಸ್‌ಗೆ ರ್‌ಸ್ಪ್ಯಾಮ್‌ಡಿ ಒಂದೇ ಸಾಕು. ರೆಡಿಸ್ (ಅದು ಬಳಸುವ ದತ್ತಾಂಶ ಸಂಗ್ರಹ) ಜೊತೆಗೆ 2 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. ಪೋಸ್ಟ್‌ಫಿಕ್ಸ್‌ನ ಮಿಲ್ಟರ್ (ಸೋಸುವ ತಂತ್ರಾಂಶಕ್ಕೆ ಮೇಲ್ ಒಪ್ಪಿಸುವ) ಸಾಲಿನಲ್ಲಿ ಲೋಕಲ್‌ಹೋಸ್ಟ್‌ನ 11332ನೇ ಪೋರ್ಟ್ ಕೊಡಿ. ಒಂದು ಎಚ್ಚರಿಕೆ: ಹಾಕಿದ ಹಾಗೇ ಬಿಟ್ಟರೆ ರ್‌ಸ್ಪ್ಯಾಮ್‌ಡಿ ಡಿಮಾರ್ಕ್ ಸೋಲಿಗೆ ಅಂಕ ಕೊಡುತ್ತದೆಯೇ ಹೊರತು ಮೇಲ್ ತಿರಸ್ಕರಿಸುವುದಿಲ್ಲ. ಲೋಕಲ್.ಡಿ ಒಳಗಿನ ಡಿಮಾರ್ಕ್ ಕಡತದಲ್ಲಿ ‘ಆಕ್ಷನ್ಸ್’ ಎಂದು ಬರೆದು, ರಿಜೆಕ್ಟ್ ನೀತಿಗೆ ರಿಜೆಕ್ಟ್, ಕ್ವಾರಂಟೈನ್ ನೀತಿಗೆ ಆ್ಯಡ್ ಹೆಡರ್ ಎಂದು ನೀವೇ ಹೇಳಬೇಕು. ನಿಮ್ಮದೇ ಡೊಮೇನ್ ಪಿ=ನನ್‌ನಲ್ಲಿ ಇರುವವರೆಗೆ ನಿಮ್ಮ ಹೆಸರಿನ ಸುಳ್ಳು ಇದರಿಂದ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ.

ಇನ್ನೊಂದು. ಸ್ಪ್ಯಾಮ್ ಸೋಸುವ ತಂತ್ರಾಂಶದ ಬಿಳಿಪಟ್ಟಿಯಲ್ಲಿ ‘ನಮ್ಮ ಡೊಮೇನ್‌ನಿಂದ ಬಂದದ್ದೆಲ್ಲ ಸರಿ’ ಎಂದು ಯಾರಾದರೂ ಹಾಕಿದ್ದಾರಾ ನೋಡಿ. ಇದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ; ಮೊದಲು ತೆಗೆಯಿರಿ.

ಪ್ರಶ್ನೆ (ಅದೇ ಕಚೇರಿಯಿಂದ, ಮುಂದುವರಿಕೆ)

ಸರ್, ನೀವು ಹೇಳಿದ ಹಾಗೆ ರೂಟರ್ ಐಪಿಯೇ ಕಾಣುತ್ತಿತ್ತು, ಸರಿಮಾಡಿದೆವು. ಈಗ ಬೇರೆ ಚಿಂತೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಹೋದರೆ ರೂಟರ್ ತಾನಾಗಿ 4ಜಿ ಸಿಮ್‌ಗೆ ಬದಲಾಗುತ್ತದೆ. ‘-ಆಲ್’ ಹಾಕಿದರೆ ಆಗ ನಮ್ಮ ಮೇಲ್ ಹೋಗುತ್ತದಾ? ಬ್ಯಾಕಪ್ ಎಂಎಕ್ಸ್ (ಮುಖ್ಯ ಸರ್ವರ್ ಸಿಗದಾಗ ಮೇಲ್ ತೆಗೆದುಕೊಳ್ಳುವ ಎರಡನೇ ಸರ್ವರ್) ಕೂಡ ಒಂದು ಇಟ್ಟಿದ್ದೇವೆ, ಬೆಂಗಳೂರಿನ ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್).

ಉತ್ತರ

ಹೋಗುವುದಿಲ್ಲ, ಹೋಗಲೂಬಾರದು. ಸಿಮ್‌ನ ಐಪಿ ನೂರಾರು ಗಿರಾಕಿಗಳ ನಡುವೆ ಹಂಚಿದ್ದು, ಅದಕ್ಕೆ ನಿಮ್ಮ ಹೆಸರಿನ ಪಿಟಿಆರ್ (ಐಪಿಯಿಂದ ಹೆಸರು ತಿಳಿಸುವ ಡಿಎನ್‌ಎಸ್ ದಾಖಲೆ) ಇರುವುದಿಲ್ಲ, ನಿಮ್ಮ ಎಸ್‌ಪಿಎಫ್‌ನಲ್ಲೂ ಇಲ್ಲ. ಅಲ್ಲಿಂದ ನೇರ ಕಳುಹಿಸಿದರೆ ಎದುರಿನವರಿಗೆ ನೀವೇ ಕಳ್ಳರಂತೆ ಕಾಣುತ್ತೀರಿ. ಆ ಐಪಿಯನ್ನು ಎಸ್‌ಪಿಎಫ್‌ಗೆ ಸೇರಿಸುವ ಯೋಚನೆಯನ್ನಂತೂ ಮಾಡಲೇಬೇಡಿ: ಸೇರಿಸಿದರೆ ಅದೇ ಐಪಿಯ ಹಿಂದಿರುವ ಎಲ್ಲರಿಗೂ ನಿಮ್ಮ ಹೆಸರಿನಲ್ಲಿ ಕಳುಹಿಸಲು ಪರವಾನಗಿ ಕೊಟ್ಟಂತೆ.

ದಾರಿ ಎರಡು. ಸುಲಭದ್ದು: 4ಜಿ ಹಾದಿಯಲ್ಲಿ ಹೊರಹೋಗುವ 25ನೇ ಪೋರ್ಟನ್ನು ರೂಟರ್‌ನಲ್ಲಿ ಮುಚ್ಚಿಬಿಡಿ. ಮೇಲ್ ಕ್ಯೂನಲ್ಲಿ ಕಾಯುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿ 5 ದಿನ ಪ್ರಯತ್ನಿಸುತ್ತದೆ. ‘ಡಿಲೇ ವಾರ್ನಿಂಗ್ ಟೈಮ್’ ಮೂಲದಲ್ಲಿ ಸೊನ್ನೆ, ಅಂದರೆ ಕಳುಹಿಸಿದವರಿಗೆ ಏನೂ ತಿಳಿಯುವುದಿಲ್ಲ. ಅದನ್ನು 4 ಗಂಟೆಗೆ ಇಡಿ, ಅವಸರದ್ದಿದ್ದರೆ ಫೋನ್ ಮಾಡಿಕೊಳ್ಳುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಲೈನ್ ದಿನಗಟ್ಟಲೆ ಹೋಗುವ ಜಾಗವಾದರೆ ಎರಡನೆಯದು ಮೇಲು: ಹೊರಮೇಲೆಲ್ಲ ಯಾವಾಗಲೂ ಒಂದು ರಿಲೇ ಸೇವೆಯ ಮೂಲಕ, 587ರಲ್ಲಿ ಲಾಗಿನ್ ಆಗಿ ಹೋಗಲಿ. ಎಸ್‌ಪಿಎಫ್‌ನಲ್ಲಿ ಆ ರಿಲೇಯನ್ನು ಸೇರಿಸಿ, ಡಿಕಿಮ್ ಸಹಿಯನ್ನು ನಿಮ್ಮ ಸರ್ವರ್‌ನಲ್ಲೇ ಹಾಕಿ. ನಿಮ್ಮ ಬೆಂಗಳೂರಿನ ವಿಪಿಎಸ್ಸನ್ನೇ ಈ ರಿಲೇ ಮಾಡಬಹುದು, ಬ್ಯಾಕಪ್ ಎಂಎಕ್ಸ್‌ಗಿಂತ ಅದು ಅದಕ್ಕೆ ತಕ್ಕ ಉದ್ಯೋಗ.

ಬ್ಯಾಕಪ್ ಎಂಎಕ್ಸ್ ತೆಗೆದುಬಿಡಿ ಎಂದೇ ನನ್ನ ಸಲಹೆ. ಅದು ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಿಲು ತೆರೆದಿಟ್ಟ ಹಾಗೆ. ಸ್ಪ್ಯಾಮ್ ಕಳುಹಿಸುವವರು ಮುಖ್ಯ ಸರ್ವರ್ ಎದ್ದಿದ್ದರೂ ಬೇಕೆಂದೇ ಎರಡನೇ ಎಂಎಕ್ಸ್‌ಗೆ ಹೋಗುತ್ತಾರೆ, ಅಲ್ಲಿ ಪರೀಕ್ಷೆ ಸಡಿಲ ಎಂದು ಅವರಿಗೆ ಗೊತ್ತು. ಅಲ್ಲಿಂದ ನಿಮ್ಮಲ್ಲಿಗೆ ಬರುವಾಗ ಕಾಣುವುದು ವಿಪಿಎಸ್‌ನ ಐಪಿ, ಕಳ್ಳನ ಐಪಿಯಲ್ಲ, ಎಸ್‌ಪಿಎಫ್ ಕುರುಡಾಗುತ್ತದೆ. ಆ ಯಂತ್ರಕ್ಕೆ ನಿಮ್ಮ ಮೇಲ್‌ಬಾಕ್ಸ್‌ಗಳ ಪಟ್ಟಿ ಇಲ್ಲದಿದ್ದರೆ ಇಲ್ಲದ ವಿಳಾಸಗಳಿಗೂ ಮೇಲ್ ತೆಗೆದುಕೊಂಡು, ಆಮೇಲೆ ಯಾರೋ ಅಮಾಯಕರಿಗೆ ವಾಪಸ್ ಕಳುಹಿಸುತ್ತದೆ. ನಿಮ್ಮ ಲೈನ್ ಎರಡು ಮೂರು ದಿನ ಇಲ್ಲದಿದ್ದರೆ ಒಳಬರುವ ಮೇಲ್ ಕಳೆದುಹೋಗುವುದಿಲ್ಲ. ಸರಿಯಾದ ಸರ್ವರ್‌ಗಳು 4–5 ದಿನ ಮತ್ತೆ ಮತ್ತೆ ಬಂದು ತಟ್ಟಬೇಕೆಂದು ಎಸ್‌ಎಂಟಿಪಿ ಮಾನಕವೇ ಹೇಳುತ್ತದೆ. ಇಟ್ಟುಕೊಳ್ಳಲೇಬೇಕೆಂದರೆ ಮುಖ್ಯ ಸರ್ವರ್‌ನ ಎಲ್ಲ ನಿಯಮ, ರ್‌ಸ್ಪ್ಯಾಮ್‌ಡಿ, ವಿಳಾಸಪಟ್ಟಿ ಅಲ್ಲೂ ಇರಬೇಕು.

ಇನ್ನೊಬ್ಬರ ಉತ್ತರ (ವಿರಾಜಪೇಟೆ, ಸಿಸ್ಟಂ ನಿರ್ವಾಹಕರು)

ಮೇಲಿನದಕ್ಕೆ ಒಂದು ತಿದ್ದುಪಡಿ ಸೇರಿಸಬೇಕು ಸರ್. ಓದಿದವರು ‘ಎಸ್‌ಪಿಎಫ್ ಫೇಲ್ ಆದರೆ ರಿಜೆಕ್ಟ್’ ಎಂದು ಹಾಕಿಬಿಡುವ ಅಪಾಯವಿದೆ. ಪೋಸ್ಟ್‌ಫಿಕ್ಸ್‌ಗೆ ಪೈಥಾನ್‌ನ ಎಸ್‌ಪಿಎಫ್ ಪಾಲಿಸಿ ಸೇವೆ ಜೋಡಿಸಿದರೆ ಅದು ಮಾಡುವುದೂ ಅದನ್ನೇ. ತೊಂದರೆ ಎಲ್ಲಿ ಎಂದರೆ ಫಾರ್ವರ್ಡಿಂಗ್‌ನಲ್ಲಿ. ಒಬ್ಬರ ಹಳೆಯ ಕಾಲೇಜು ವಿಳಾಸಕ್ಕೆ ಬಂದ ಮೇಲ್ ತಾನಾಗಿ ಕಚೇರಿ ವಿಳಾಸಕ್ಕೆ ಬರುವಂತೆ ಇಟ್ಟಿರುತ್ತಾರೆ. ಕಾಲೇಜಿನ ಸರ್ವರ್ ಲಕೋಟೆಯ ವಿಳಾಸ ಬದಲಿಸದೆ ಮುಂದಕ್ಕೆ ತಳ್ಳಿದರೆ, ಮೂಲ ಕಳುಹಿಸಿದವರ ಎಸ್‌ಪಿಎಫ್‌ನಲ್ಲಿ ಕಾಲೇಜಿನ ಐಪಿ ಇಲ್ಲ, ನೇರ ಫೇಲ್. ಮೇಲ್ ಮಾತ್ರ ಅಸಲಿ. ಅಂಥದ್ದರಲ್ಲಿ ಡಿಕಿಮ್ ಸಹಿ ಉಳಿದಿರುತ್ತದೆ, ಏಕೆಂದರೆ ಒಳಗಿನ ಕಾಗದವನ್ನು ಯಾರೂ ಮುಟ್ಟಿಲ್ಲ. ಹಾಗಾಗಿ ತೀರ್ಪು ಡಿಮಾರ್ಕ್‌ನದ್ದಾಗಿರಲಿ: ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದಾದರೂ ಪಾಸಾಗಿ, ಅದರ ಡೊಮೇನ್ ಫ್ರಮ್ ಸಾಲಿನ ಡೊಮೇನ್‌ಗೆ ಹೊಂದಿದರೆ ಸಾಕು.

ಉತ್ತರ

ಸರಿಯಾದ ಮಾತು, ಒಪ್ಪಿದೆ. ಬೇರೆಯವರ ಡೊಮೇನ್‌ಗಳಿಗೆ ಎಸ್‌ಪಿಎಫ್ ಒಂದನ್ನೇ ನೋಡಿ ತಳ್ಳಬೇಡಿ. ನಿಮ್ಮ ಸ್ವಂತ ಡೊಮೇನ್‌ನ ಲಕೋಟೆಗೆ ಮಾತ್ರ ಬಾಗಿಲಲ್ಲೇ ರಿಜೆಕ್ಟ್ ಇರಲಿ; ಅಲ್ಲೂ ನಿಮ್ಮವರು ಹೊರಗಿನ ವಿಳಾಸಕ್ಕೆ ಬರೆದದ್ದು ಫಾರ್ವರ್ಡ್ ಆಗಿ ನಿಮ್ಮಲ್ಲಿಗೇ ಮರಳುವ ಅಪರೂಪದ ಸಂದರ್ಭ ಸಿಕ್ಕಿಕೊಳ್ಳುತ್ತದೆ. ಆ ಬೆಲೆ ತೆರಬಹುದು ಎಂಬುದು ನನ್ನ ಲೆಕ್ಕ.

ವಿಷಯದ ಸಾಲಿನ ಮೊದಲಿಗೆ ಗುಂಪಿನ ಹೆಸರು, ಕೆಳಗೆ ಅಡಿಟಿಪ್ಪಣಿ ಅಂಟಿಸುವ ಮೇಲಿಂಗ್ ಲಿಸ್ಟ್‌ಗಳಲ್ಲಿ ಡಿಕಿಮ್ ಕೂಡ ಮುರಿಯುತ್ತದೆ. ಎಆರ್‌ಸಿ ಎಂಬ 2019ರ ವ್ಯವಸ್ಥೆ ಬಂದದ್ದೇ ಅದಕ್ಕೆ. ನಿಮ್ಮ ಗಾತ್ರದ ಕಚೇರಿಗೆ ಅದರ ತಲೆಬಿಸಿ ಬೇಡ, ಅಂಥ ಲಿಸ್ಟ್ ಒಂದೆರಡಿದ್ದರೆ ಅದರ ಐಪಿಗೆ ವಿನಾಯಿತಿ ಕೊಡಿ. ವಿನಾಯಿತಿ ಐಪಿಗೆ, ಫ್ರಮ್ ವಿಳಾಸಕ್ಕಲ್ಲ.

ಪ್ರಶ್ನೆ (ಮಡಿಕೇರಿ, ಹೋಂಸ್ಟೇ)

ಸರ್, ನಮ್ಮದು ಉಲ್ಟಾ ಸಮಸ್ಯೆ. ಬುಕಿಂಗ್ ವಿಳಾಸಕ್ಕೆ ದಿನಕ್ಕೆ ನೂರಾರು ‘ಮೇಲ್ ತಲುಪಲಿಲ್ಲ’ ಎಂಬ ವಾಪಸ್ ಸಂದೇಶ. ನಾವು ಕಳುಹಿಸಿಯೇ ಇಲ್ಲ. ಕಳುಹಿಸಿದವರ ವಿಳಾಸ ಖಾಲಿ ಇರುತ್ತದೆ, ಖಾಲಿ ವಿಳಾಸವನ್ನು ಬ್ಲಾಕ್ ಮಾಡಲಾ?

ಉತ್ತರ

ಮಾಡಬೇಡಿ ಮೇಡಂ. ಖಾಲಿ ಲಕೋಟೆ, ಅಂದರೆ <>, ವಾಪಸ್ ಸಂದೇಶಗಳಿಗೆಂದೇ ಮಾನಕ ಇಟ್ಟಿರುವ ಗುರುತು. ಅದನ್ನು ತಡೆದರೆ ನಿಜವಾಗಿ ತಲುಪದ ನಿಮ್ಮ ಬುಕಿಂಗ್ ದೃಢೀಕರಣದ ಸುದ್ದಿಯೂ ನಿಮಗೆ ಬರುವುದಿಲ್ಲ, ಕೆಲವು ಸರ್ವರ್‌ಗಳು ನಿಮ್ಮ ಮೇಲನ್ನೇ ನಿರಾಕರಿಸುತ್ತವೆ.

ಯಾರೋ ನಿಮ್ಮ ಡೊಮೇನ್ ಹೆಸರಿನಲ್ಲಿ ಲಕ್ಷಾಂತರ ಸ್ಪ್ಯಾಮ್ ಹಾಕಿದ್ದಾರೆ, ಅಸಡ್ಡೆಯ ಸರ್ವರ್‌ಗಳು ತೆಗೆದುಕೊಂಡ ಮೇಲೆ ತಲೆ ಕೆರೆದುಕೊಂಡು ನಿಮಗೆ ವಾಪಸ್ ಹಾಕುತ್ತಿವೆ. ವಾಪಸ್ ಸಂದೇಶದೊಳಗೆ ಮೂಲ ಮೇಲ್‌ನ ಹೆಡರ್ ಇರುತ್ತದೆ. ಅದರ ರಿಸೀವ್ಡ್ ಸಾಲುಗಳಲ್ಲಿ ನಿಮ್ಮ ಸರ್ವರ್‌ನ ಐಪಿ ಇಲ್ಲದಿದ್ದರೆ ನಿಮ್ಮದಲ್ಲ. ಮೊದಲು ಕ್ಯಾಚ್‌ಆಲ್ (ಡೊಮೇನ್‌ನ ಯಾವ ಹೆಸರಿಗೆ ಬಂದರೂ ತೆಗೆದುಕೊಳ್ಳುವ ವ್ಯವಸ್ಥೆ) ಇದೆಯಾ ನೋಡಿ. ಹೋಂಸ್ಟೇಗಳಲ್ಲಿ ‘ಗಿರಾಕಿ ಸ್ಪೆಲ್ಲಿಂಗ್ ತಪ್ಪಿದರೂ ಬರಲಿ’ ಎಂದು ಅದನ್ನು ಹಾಕಿರುತ್ತಾರೆ. ಕಳ್ಳರು ಹುಟ್ಟಿಸಿದ ಸಾವಿರ ಸುಳ್ಳು ಹೆಸರುಗಳ ವಾಪಸ್ಸೆಲ್ಲ ಆಗ ಒಂದೇ ಪೆಟ್ಟಿಗೆಗೆ. ಅದನ್ನು ತೆಗೆದು, ನಿಜ ವಿಳಾಸ ಮತ್ತು ಎರಡು ಮೂರು ಸಾಮಾನ್ಯ ತಪ್ಪು ಸ್ಪೆಲ್ಲಿಂಗ್‌ಗೆ ಅಲಿಯಾಸ್ ಇಡಿ. ಇಷ್ಟರಲ್ಲೇ ಬಹುಪಾಲು ನಿಲ್ಲುತ್ತದೆ. ಉಳಿದದ್ದಕ್ಕೆ ಎಸ್‌ಪಿಎಫ್ ‘-ಆಲ್’, ಡಿಮಾರ್ಕ್ ರಿಜೆಕ್ಟ್; ಎದುರಿನವರು ಬಾಗಿಲಲ್ಲೇ ತಳ್ಳಿದರೆ ವಾಪಸ್ ಹುಟ್ಟುವುದೇ ಇಲ್ಲ.

ಇದೇ ಪಾಪ ನಿಮ್ಮ ಸರ್ವರ್‌ನಿಂದ ಇನ್ನೊಬ್ಬರಿಗೆ ಆಗಬಾರದು. ಇಲ್ಲದ ವಿಳಾಸಕ್ಕೆ ಬಂದದ್ದನ್ನು ಎಸ್‌ಎಂಟಿಪಿ ಮಾತುಕತೆ ನಡೆಯುವಾಗಲೇ 550 ಹೇಳಿ ಕಳುಹಿಸಬೇಕು. ತೆಗೆದುಕೊಂಡ ಮೇಲೆ ಸ್ಪ್ಯಾಮ್ ಎಂದು ತಿಳಿದರೆ ಪೆಟ್ಟಿಗೆಯ ಜಂಕ್‌ಗೆ ಹಾಕಿ, ವಾಪಸ್ ಬರೆಯಬೇಡಿ. ‘ನಾವು ರಜೆಯಲ್ಲಿದ್ದೇವೆ’ ಎಂಬ ತಾನಾಗಿ ಹೋಗುವ ಉತ್ತರಕ್ಕೂ ಇದೇ ಮಾತು.

ಅಂದ ಹಾಗೆ, ನಿಮ್ಮ ಅತಿಥಿಗಳಲ್ಲಿ ಹೆಚ್ಚಿನವರು ಜಿಮೇಲ್‌ನವರೇ ಇರುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಬರೆಯುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಮತ್ತು ಸರಿಯಾದ ಪಿಟಿಆರ್ ಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ.

ಪ್ರಶ್ನೆ (ಗೋಣಿಕೊಪ್ಪ)

ಸ್ಪ್ಯಾಮ್‌ಹೌಸ್‌ನ ಜೆನ್ ಪಟ್ಟಿ (ತಡೆಯಬೇಕಾದ ಐಪಿಗಳ ಪಟ್ಟಿ) ಹಾಕಿದ್ದೆ. ಮೊದಲು ಏನೂ ಹಿಡಿಯಲಿಲ್ಲ, ನಿನ್ನೆಯಿಂದ ಎಲ್ಲರ ಮೇಲೂ ರಿಜೆಕ್ಟ್! ಏನಾಗಿರಬಹುದು?

ಉತ್ತರ

ಸರ್ವರ್‌ನ ಡಿಎನ್‌ಎಸ್ 8.8.8.8 ಅಥವಾ ಅಂಥ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಹುಡುಕಿಕೊಡುವ ಸರ್ವರ್) ಆಗಿದೆ. ಆ ದಾರಿಯಿಂದ ಬಂದ ಪ್ರಶ್ನೆಗೆ ಸ್ಪ್ಯಾಮ್‌ಹೌಸ್‌ನವರು ಪಟ್ಟಿಯ ಉತ್ತರ ಕೊಡುವುದಿಲ್ಲ, 127.255.255.254 ಎಂಬ ದೋಷ ಸಂಕೇತ ಕೊಡುತ್ತಾರೆ. ನಿಮ್ಮ ನಿಯಮ ‘ಯಾವ ಉತ್ತರ ಬಂದರೂ ರಿಜೆಕ್ಟ್’ ಎಂದಿರುವುದರಿಂದ ಊರಿನವರೆಲ್ಲ ಕಳ್ಳರಾದರು. ಅದೇ ಯಂತ್ರದಲ್ಲಿ ಅನ್‌ಬೌಂಡ್ (ಸ್ವಂತ ರಿಸಾಲ್ವರ್) ಹಾಕಿ, ಅದು ಬೇರೆ ಕಡೆ ಫಾರ್ವರ್ಡ್ ಮಾಡದೆ ಮೂಲದಿಂದಲೇ ಹುಡುಕಲಿ. ರಿಸಾಲ್ವ್ ಕಡತದಲ್ಲಿ 127.0.0.1 ಮಾತ್ರ ಇರಲಿ. ನಿಯಮದಲ್ಲಿ ಪಟ್ಟಿಯ ಹೆಸರಿನ ಕೊನೆಗೆ =127.0.0.[2..11] ಎಂದು ಸೇರಿಸಿ, ಆಗ ದೋಷ ಸಂಕೇತಕ್ಕೆ ಮೇಲ್ ಬೀಳುವುದಿಲ್ಲ. ಸರಿಯಾಯಿತೇ ಎಂದು ನೋಡಲು 127.0.0.2ನ್ನು ತಿರುಗಿಸಿ ಬರೆದು, 2.0.0.127ರ ಕೊನೆಗೆ ಚುಕ್ಕೆಯಿಟ್ಟು ಪಟ್ಟಿಯ ಹೆಸರು ಸೇರಿಸಿ ಡಿಗ್ ಮಾಡಿ. ಅದು ಪರೀಕ್ಷೆಗೆಂದೇ ಪಟ್ಟಿಯಲ್ಲಿ ಇಟ್ಟಿರುವ ವಿಳಾಸ.

ಪ್ರಶ್ನೆ (ಕುಶಾಲನಗರ, ಮೊದಲಿನವರು)

ಸ್ವಂತ ಡೊಮೇನ್‌ನ ಸುಳ್ಳು ನಿಂತಿದೆ ಸರ್. ಈಗ ಮ್ಯಾನೇಜರ್ ಹೆಸರು ಸರಿಯಾಗಿಯೇ ಇದೆ, ಒಳಗಿನ ವಿಳಾಸ ಯಾವುದೋ ಜಿಮೇಲ್. ಮೊಬೈಲ್‌ನಲ್ಲಿ ಹೆಸರು ಮಾತ್ರ ಕಾಣುತ್ತದೆ. ಇದಕ್ಕೂ ಡಿಮಾರ್ಕ್ ಆಗುತ್ತದಾ?

ಉತ್ತರ

ಆಗದು. ಆ ಜಿಮೇಲ್ ಖಾತೆ ಅಸಲಿ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸು. ಸುಳ್ಳಿರುವುದು ಹೆಸರಿನಲ್ಲಿ ಮಾತ್ರ. ಒಂದಕ್ಷರ ಬದಲಿಸಿದ ಜೋಡಿ ಡೊಮೇನ್ ಕೊಂಡು ಕಳುಹಿಸಿದರೂ ಹೀಗೇ.

ಹಣ ಒಪ್ಪಿಸುವ ಮೂರು ನಾಲ್ಕು ಜನರ ಹೆಸರಿಗೆ ನಿಯಮ ಬರೆಯಬಹುದು: ಹೆಸರು ಹೊಂದಿ, ವಿಳಾಸ ನಮ್ಮ ಡೊಮೇನ್‌ನದ್ದಲ್ಲದಿದ್ದರೆ ಹೋಲ್ಡ್. ರಿಜೆಕ್ಟ್ ಬೇಡ, ಮ್ಯಾನೇಜರ್ ಸ್ವಂತ ಜಿಮೇಲ್‌ನಿಂದ ನಿಜವಾಗಿಯೂ ಬರೆದಿರಬಹುದು. ಇಲ್ಲೊಂದು ಗುಂಡಿ ಇದೆ: ಪೋಸ್ಟ್‌ಫಿಕ್ಸ್‌ನ ಹೆಡರ್ ಚೆಕ್ಸ್ ಸಂಕೇತಿತ ಹೆಡರನ್ನು ಬಿಡಿಸಿ ನೋಡುವುದಿಲ್ಲ. ಹೆಸರನ್ನು ಯುಟಿಎಫ್-8 ಬೇಸ್64 ಮಾಡಿ ಕಳುಹಿಸಿದರೆ ನಿಮ್ಮ ನಿಯಮಕ್ಕೆ ಕಾಣುವುದು ಬರೀ ಅಕ್ಷರಗಳ ಗೋಜಲು. ಕನ್ನಡ ಲಿಪಿಯ ಹೆಸರಂತೂ ಸಾಮಾನ್ಯವಾಗಿ ಹೀಗೆಯೇ ಬರುತ್ತದೆ. ಆದ್ದರಿಂದ ಈ ನಿಯಮ ರ್‌ಸ್ಪ್ಯಾಮ್‌ಡಿಯ ಮಲ್ಟಿಮ್ಯಾಪ್‌ನಲ್ಲಿ (ಪಟ್ಟಿಯ ಜೊತೆ ಹೋಲಿಸುವ ಭಾಗ) ಇರಲಿ, ಅದು ಬಿಡಿಸಿದ ಮೇಲೆ ಹೋಲಿಸುತ್ತದೆ. ರಿಪ್ಲೈ-ಟು ವಿಳಾಸ ಫ್ರಮ್‌ಗಿಂತ ಬೇರೆ ಡೊಮೇನ್‌ನದ್ದಾದರೆ ಒಂದೆರಡು ಅಂಕ ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ. ಹೊರಗಿನ ಮೇಲ್‌ಗಳ ವಿಷಯದ ಮುಂದೆ ‘ಹೊರಗಿನಿಂದ’ ಎಂದು ಅಂಟಿಸುವುದೂ ಒಂದು ಉಪಾಯ. ಎರಡು ವಾರದಲ್ಲಿ ಕಣ್ಣಿಗೆ ರೂಢಿಯಾಗಿ ಯಾರೂ ಓದುವುದಿಲ್ಲ, ಅದಕ್ಕೇ ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಖಾತೆ ಬದಲಾವಣೆ ಎಂದು ಬಂದರೆ ಮೇಲ್‌ನಲ್ಲಿರುವ ನಂಬರ್‌ಗಲ್ಲ, ಹಳೆಯ ಬಿಲ್ಲಿನಲ್ಲಿರುವ ನಂಬರ್‌ಗೆ ಫೋನ್ ಮಾಡಿಯೇ ಹಣ ಹಾಕುವ ಪದ್ಧತಿ ಲೆಕ್ಕಪತ್ರದವರಲ್ಲಿ ಬರಲಿ. ಸರ್ವರ್ ಇದನ್ನು ಮಾಡಿಕೊಡಲಾರದು.

ಪ್ರಶ್ನೆ (ಅದೇ)

ಪಿ=ನನ್‌ನಲ್ಲಿ ಎಷ್ಟು ದಿನ ಇರಬೇಕು? ಹಳೆಯ ಡೊಮೇನ್ ಒಂದಿದೆ, ಅದರಿಂದ ಮೇಲ್ ಕಳುಹಿಸುವುದೇ ಇಲ್ಲ, ಅದಕ್ಕೇನಾದರೂ ಬೇಕಾ?

ಉತ್ತರ

ವರದಿಗಳು ಸಾಮಾನ್ಯವಾಗಿ ದಿನಕ್ಕೊಂದು, ಜಿಪ್ ಮಾಡಿದ ಎಕ್ಸ್‌ಎಂಎಲ್ ಆಗಿ ಬರುತ್ತವೆ. ಅದರಲ್ಲಿ ನೋಡಬೇಕಾದ್ದು ಐಪಿ, ಎಷ್ಟು ಮೇಲ್, ಎಸ್‌ಪಿಎಫ್ ಮತ್ತು ಡಿಕಿಮ್ ಹೊಂದಿಕೆ ಇಷ್ಟೇ. ಕನಿಷ್ಠ ಒಂದು ಪೂರ್ತಿ ತಿಂಗಳು ಇಡಿ, ತಿಂಗಳ ಕೊನೆಗೆ ಮಾತ್ರ ಹೋಗುವ ಸಂಬಳ ಚೀಟಿ, ಜಿಎಸ್‌ಟಿ ಬಿಲ್ಲಿನ ಮೇಲ್‌ಗಳು ಆಗಷ್ಟೇ ಕಾಣುತ್ತವೆ. ಗೊತ್ತಿಲ್ಲದ ನಿಮ್ಮದೇ ಮೂಲ ಯಾವುದೂ ಉಳಿದಿಲ್ಲವೆಂದಾದರೆ ಎರಡು ವಾರ ಕ್ವಾರಂಟೈನ್, ನಂತರ ರಿಜೆಕ್ಟ್. ಕೊಯ್ಲು ಮುಗಿದು ಕ್ಯೂರಿಂಗ್ ಭರದಲ್ಲಿರುವ ಜನವರಿಯಿಂದ ಮಾರ್ಚ್‌ವರೆಗೆ ನೀತಿ ಬದಲಿಸಬೇಡಿ, ಒಂದು ರವಾನೆ ಪತ್ರ ತಪ್ಪಿದರೂ ಬೈಗುಳ ನಿಮಗೇ. ವರದಿಯ ವಿಳಾಸ ಬೇರೆ ಡೊಮೇನ್‌ನಲ್ಲಿದ್ದರೆ ಆ ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಒಪ್ಪಿಗೆಯ ದಾಖಲೆ ಬೇಕು, ಇಲ್ಲದಿದ್ದರೆ ವರದಿಯೇ ಬರುವುದಿಲ್ಲ.

ಹಳೆಯ ಡೊಮೇನ್‌ಗೆ ಕಾಯುವುದು ಬೇಡ, ಇವತ್ತೇ ಮಾಡಿ: ಎಸ್‌ಪಿಎಫ್‌ನಲ್ಲಿ ಬರೀ ‘-ಆಲ್’, ಡಿಮಾರ್ಕ್‌ನಲ್ಲಿ ಪಿ=ರಿಜೆಕ್ಟ್. ಆ ವಿಳಾಸಗಳಿಗೆ ಮೇಲ್ ಬರುವುದೂ ಬೇಡವೆಂದರೆ ಎಂಎಕ್ಸ್ ದಾಖಲೆಯ ಆದ್ಯತೆ 0, ಹೆಸರಿನ ಜಾಗದಲ್ಲಿ ಒಂದೇ ಒಂದು ಚುಕ್ಕೆ.